ಆರೋಗ್ಯ ಇಲಾಖೆಯ ‘ಅಕ್ರೆಡಿಟೇಶನ್’ಗೆ ಏನನ್ನೋಣ? (ಇವತ್ತೇ ಬೇಕು)

ಗೆಳೆಯರೇ,

ಅಮೆರಿಕದ ಒಂದು ಕೌಂಟಿಯ ಆರೋಗ್ಯ ಇಲಾಖೆ ಅಲ್ಲಿನ ಕನ್ನಡಿಗರಿಗಾಗಿ ಕರಪತ್ರ ಮತ್ತು ಬಾಗಿಲಿಗೆ ಹಾಕುವ ಫಲಕ ಮಾಡಿಸುತ್ತಿದೆ. ಅನುವಾದ ನನ್ನ ಪಾಲಿಗೆ ಬಂದಿದೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಫಲಕದಲ್ಲಿ ಇರುವುದು ಒಂದೇ ಮಾತು: ಈ ಇಲಾಖೆ ಪಬ್ಲಿಕ್ ಹೆಲ್ತ್ ಅಕ್ರೆಡಿಟೇಶನ್ ಬೋರ್ಡ್‌ನಿಂದ ‘ಅಕ್ರೆಡಿಟೆಡ್’. ಅಂದರೆ ಹೊರಗಿನ ಈ ಮಂಡಳಿ ಇಲಾಖೆಯ ಕೆಲಸವನ್ನು ಅಳೆದು ನೋಡಿ ಒಪ್ಪಿದೆ. ಕರಪತ್ರದಲ್ಲಿ ‘ಪರ್ಫಾರ್ಮೆನ್ಸ್ ಸ್ಟ್ಯಾಂಡರ್ಡ್’, ‘ಮೆಷರ್’, ‘ಡೊಮೈನ್’ ಕೂಡ ಇವೆ.

ಈ ಮಂಡಳಿ ಹುಟ್ಟಿದ್ದು 2007ರಲ್ಲಿ. 2011ರಲ್ಲಿ ಅರ್ಜಿ ತೆಗೆದುಕೊಳ್ಳತೊಡಗಿತು. 2013ರ ಫೆಬ್ರವರಿಯಲ್ಲಿ ಮೊದಲ 11 ಇಲಾಖೆಗಳು ತೇರ್ಗಡೆಯಾದವು. ಒಮ್ಮೆ ಸಿಕ್ಕರೆ 5 ವರ್ಷ ನಡೆಯುತ್ತದೆ. ಒಹಾಯೊ ರಾಜ್ಯ 2013ರಲ್ಲಿ ಕಾನೂನು ಮಾಡಿ ಕಡ್ಡಾಯ ಮಾಡಿತು, ಆದರೆ ದೇಶದ ಮಟ್ಟದಲ್ಲಿ ಇದು ಇಷ್ಟವಿದ್ದವರಿಗೆ ಮಾತ್ರ.

ನಾನು ಮೊದಲು ‘ಮಾನ್ಯತೆ ಪಡೆದಿದೆ’ ಎಂದು ಬರೆದೆ. ಓದಿ ನೋಡಿದವರು ಕೇಳಿದರು: ಹಾಗಾದರೆ ಇಲ್ಲಿಯವರೆಗೆ ಇವರಿಗೆ ಪರವಾನಗಿ ಇರಲಿಲ್ವಾ? ನನ್ನ ತೊಡಕು ಅದೇ. ಇಲಾಖೆ ಕಾನೂನಿನಿಂದಲೇ ನಡೆಯುತ್ತದೆ. ಈ ಮಂಡಳಿ ಒಪ್ಪದಿದ್ದರೂ ಅದು ಬಾಗಿಲು ಮುಚ್ಚುವುದಿಲ್ಲ. ಈ ಅರ್ಥ ಕೆಡಿಸದ ಪದ ಬೇಕು.

ಮರು:

ಮಾನ್ಯತೆ. ಇದರಲ್ಲಿ ಚರ್ಚೆಗೆ ಏನಿದೆ? ಕಾಲೇಜುಗಳ ಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಸುದ್ದಿಯಲ್ಲಿ ಪತ್ರಿಕೆಗಳು ಬರೆಯುವುದು ಇದನ್ನೇ. ಸ್ಟ್ಯಾಂಡರ್ಡ್ ಮಾನದಂಡ, ಪರ್ಫಾರ್ಮೆನ್ಸ್ ಕಾರ್ಯಕ್ಷಮತೆ. ಸುಮ್ನೆ ಹೊಸ ಪದ ಹುಟ್ಟಿಸಬೇಡಿ.

ಮರು:

ಅಷ್ಟು ಸುಲಭವಲ್ಲ. ಮಾನ್ಯತೆಯ ‘ಮಾನ’ ಬೇರೆ, ಮಾನದಂಡದ ‘ಮಾನ’ ಬೇರೆ. ಮೊದಲನೆಯದು ‘ಮನ್’ ಧಾತುವಿನಿಂದ, ಗೌರವಿಸು ಎಂಬ ಅರ್ಥ. ಎರಡನೆಯದು ‘ಮಾ’ ಧಾತುವಿನಿಂದ, ಅಳೆ ಎಂಬ ಅರ್ಥ. ನಮ್ಮ ಶಾಸನಗಳಲ್ಲಿ ‘ಸರ್ವಮಾನ್ಯ’ ಎಂದರೆ ತೆರಿಗೆ ಬಿಟ್ಟುಕೊಟ್ಟ ಭೂಮಿ. ಅಂದರೆ ಮಾನ್ಯ ಮೇಲಿನವರು ದಯಪಾಲಿಸುವಂಥದ್ದು. ಇಲ್ಲಿ ನಡೆಯುವುದು ಅಳೆಯುವ ಕೆಲಸ. ಇಂಗ್ಲಿಷಿನ ಪದದ ಬೇರು ಲ್ಯಾಟಿನ್‌ನ ‘ಕ್ರೇಡೆರೆ’, ನಂಬು ಎಂದು. ಸಂಸ್ಕೃತದ ‘ಶ್ರದ್ಧಾ’ ಅದೇ ಮೂಲದ ನಂಟು! ‘ನಂಬುಗೆ ಮುದ್ರೆ’ ಎನ್ನಬಹುದು.

ಮರು:

ಬೇರಿನ ಕಥೆ ಚೆನ್ನಾಗಿದೆ, ಫಲಕಕ್ಕೆ ಬಾರದು. ಕನ್ನಡದಲ್ಲೇ ‘ಒರೆ’ ಇದೆಯಲ್ಲ. ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡುವ ಮಾತು. ಇಲಾಖೆ ತನ್ನ ಕಾಗದಪತ್ರ ಕಳಿಸುತ್ತದೆ, ಬೇರೆ ಆರೋಗ್ಯ ಇಲಾಖೆಗಳ ಅನುಭವಿಗಳು ಬಂದು ನೋಡುತ್ತಾರೆ, ಆಮೇಲೆ ಸಮಿತಿ ತೀರ್ಮಾನಿಸುತ್ತದೆ. ಇದು ಒರೆಗೆ ಹಚ್ಚುವುದೇ ಅಲ್ವಾ? ‘ಒರೆಗೆದ್ದ ಇಲಾಖೆ’ ಎನ್ನಿ. ಸ್ಟ್ಯಾಂಡರ್ಡ್ ಮಟ್ಟ, ಮೆಷರ್ ಅಳತೆ. ಎಲ್ಲದಕ್ಕೂ ಸಂಸ್ಕೃತದ ಮುಂದೆ ಕೈಚಾಚುವುದು ಸಾಕು.

ಮರು:

‘ಒರೆಗೆದ್ದ’ ಓದಿದರೆ ಜನಕ್ಕೆ ಕತ್ತಿಯ ಒರೆ ನೆನಪಾಗುತ್ತದೆ. ಬಿಡಿ. ಸಾಲದ ಪದ ಬೇಡ ಎನ್ನುವವರು ಪಕ್ಕದಲ್ಲೇ ಇರುವ ‘ಇಲಾಖೆ’ಯನ್ನು ಏನು ಮಾಡುತ್ತೀರಿ? ಅದು ಅರಬಿ. ದಾಖಲೆ ಅರಬಿ, ಜಿಲ್ಲೆಯೂ ಅರಬಿ. ಸಂಸ್ಕೃತದ ಮೇಲೆ ಮಾತ್ರ ಯಾಕೆ ಕೋಪ?

ಮರು:

ಇಲಾಖೆ ನಾಲಿಗೆಯಲ್ಲಿ ಪಳಗಿದೆ. ಅಜ್ಜಿಯೂ ಅಂತಾಳೆ. ‘ಕಾರ್ಯಕ್ಷಮತಾ ಮಾನದಂಡ’ ಯಾವ ಅಜ್ಜಿಯ ಬಾಯಲ್ಲಿದೆ? ಪಳಗಿದ ಪದ ಬೇರೆ, ಹೇರಿದ ಪದ ಬೇರೆ. ಎಲ್ಲಿಂದ ಬಂತು ಎನ್ನುವುದು ನನಗೆ ಮುಖ್ಯವೇ ಅಲ್ಲ.

ಮರು:

ಹಾಗಾದರೆ ಮಾನ್ಯತೆಯೂ ಪಳಗಿದೆ. ಮುಗಿಯಿತು.

ಮರು:

ಸಾಲದ ಜಗಳ ಆಮೇಲೆ ಆಗಲಿ, ಕೇಳಿದವರಿಗೆ ಹೊತ್ತಿಲ್ಲ. ನಾನು ಈ ಬಗೆಯ ಆರೋಗ್ಯದ ಕಾಗದಗಳನ್ನು ಅನುವಾದ ಮಾಡಿದ್ದೇನೆ. ‘ಕಾರ್ಯಕ್ಷಮತೆ’ ಇಲ್ಲಿ ನಿಜಕ್ಕೂ ತಪ್ಪು. ಕ್ಷಮತೆ ಎಂದರೆ ಮಾಡಬಲ್ಲ ಶಕ್ತಿ. ಪರ್ಫಾರ್ಮೆನ್ಸ್ ಎಂದರೆ ಮಾಡಿದ ಕೆಲಸ. ಲಸಿಕೆ ಇಡುವ ಫ್ರಿಜ್, ಚುಚ್ಚಲು ಬಲ್ಲ ನರ್ಸ್ ಇರುವುದು ಕ್ಷಮತೆ. ಮಕ್ಕಳಿಗೆ ಲಸಿಕೆ ಸಿಕ್ಕಿತೋ ಇಲ್ಲವೋ ಎನ್ನುವುದು ಪರ್ಫಾರ್ಮೆನ್ಸ್. ಎರಡನ್ನೂ ಒಂದೇ ಪದದಲ್ಲಿ ಮುಚ್ಚಿದರೆ ಓದುವವರಿಗೆ ಮೋಸ. ‘ಕೆಲಸದ ಮಟ್ಟ’ ಸಾಕು.

ಇನ್ನೊಂದು ಎಚ್ಚರ. ಸಿಡಿಸಿಯವರು (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ತಂದ ‘ಪರ್ಫಾರ್ಮೆನ್ಸ್ ಸ್ಟ್ಯಾಂಡರ್ಡ್ಸ್’ ಎಂಬ ಕಾರ್ಯಕ್ರಮವೂ ಇತ್ತು. ಅದು ಅಳೆಯುತ್ತಿದ್ದುದು ಇಲಾಖೆಯೊಂದನ್ನೇ ಅಲ್ಲ. ಆಸ್ಪತ್ರೆ, ಶಾಲೆ, ಸಂಘಸಂಸ್ಥೆ ಎಲ್ಲ ಸೇರಿದ ಇಡೀ ವ್ಯವಸ್ಥೆಯನ್ನು. ಮಂಡಳಿ ನೋಡುವುದು ಇಲಾಖೆಯನ್ನು. ಕರಪತ್ರದಲ್ಲಿ ಯಾವುದರ ಮಾತಿದೆ ಎಂದು ಮೊದಲು ನೋಡಿಕೊಳ್ಳಿ. ಡೊಮೈನ್‌ಗೆ ‘ಕ್ಷೇತ್ರ’ ಬೇಡ, ಚುನಾವಣೆ ನೆನಪಾಗುತ್ತದೆ. ‘ವಿಭಾಗ’ ಎಂದರೂ ಇಲಾಖೆಯ ಒಳಗಿನ ವಿಭಾಗ ಎಂದುಕೊಳ್ಳುತ್ತಾರೆ. ಮಂಡಳಿಯ 2022ರ ಆವೃತ್ತಿಯಲ್ಲಿ ಇಂಥವು 10 ಇವೆ. ‘ಹತ್ತು ಬಗೆಯ ಕೆಲಸಗಳು’ ಎಂದು ಬಿಡಿಸಿಯೇ ಬರೆಯಿರಿ.

ಫಲಕಕ್ಕೆ ಮಾನ್ಯತೆಯೇ ಇರಲಿ, ಆದರೆ ಒಂಟಿಯಾಗಿ ಬೇಡ. ‘ಗುಣಮಟ್ಟದ ಮಾನ್ಯತೆ’ ಎಂದರೆ ಪರವಾನಗಿಯ ಅನುಮಾನ ಹೋಗುತ್ತದೆ. ‘ಪಡೆದಿದೆ’ ಬದಲು ‘ಗಳಿಸಿದೆ’ ಹಾಕಿ. ಪಡೆಯುವುದು ಯಾರೋ ಕೊಟ್ಟಾಗ, ಗಳಿಸುವುದು ದುಡಿದಾಗ. ಆ ಜನ ತಿಂಗಳುಗಟ್ಟಲೆ ದುಡಿದಿರುತ್ತಾರೆ.

ಮರು:

ಗುಣ ಸಂಸ್ಕೃತ, ಮಟ್ಟ ಕನ್ನಡ. ಅರಿಸಮಾಸ. ಫಲಕದ ಮೇಲೆ ಇದನ್ನು ಹಾಕುತ್ತೀರಾ?

ಮರು:

ಹಾಕುತ್ತೇನೆ. ‘ಗುಣಮಟ್ಟ’ ಎಲ್ಲರ ಬಾಯಲ್ಲೂ ಇದೆ. ಓದಿ ನೋಡಿದವರಿಗೇ ಮತ್ತೆ ತೋರಿಸಿದೆ, ಈ ಸಲ ಪರವಾನಗಿಯ ಮಾತು ಬರಲಿಲ್ಲ. ‘ಯಾರು ಅಳೆದರು?’ ಎಂದು ಕೇಳಿದರು. ನನಗೆ ಬೇಕಿದ್ದ ಪ್ರಶ್ನೆ ಅದೇ. ಅಚ್ಚಿಗೆ ಕಳಿಸಿದ ಸಾಲು ಇದು:

‘ಈ ಆರೋಗ್ಯ ಇಲಾಖೆ ಪಬ್ಲಿಕ್ ಹೆಲ್ತ್ ಅಕ್ರೆಡಿಟೇಶನ್ ಬೋರ್ಡ್‌ನ ಗುಣಮಟ್ಟದ ಮಾನ್ಯತೆ ಗಳಿಸಿದೆ.’

ಕರಪತ್ರದಲ್ಲಿ ‘ಕೆಲಸದ ಮಟ್ಟ’, ‘ಅಳತೆ’ ಎರಡೂ ಉಳಿದವು. ‘ಒರೆಗೆ ಹಚ್ಚಿ ನೋಡಿದ್ದಾರೆ’ ಎಂಬ ಮಾತನ್ನು ಒಂದು ಕಡೆ ಬಳಸಿಕೊಂಡಿದ್ದೇನೆ.