ಬಾಸ್ಕೆಟ್‌ಬಾಲ್‌ನಲ್ಲಿ ಐದನೇ ಫೌಲ್‌ಗೇ ಹೊರಗೆ. ಅಮೆರಿಕದ ಲೀಗ್ ಎನ್‌ಬಿಎಯಲ್ಲಿ ಆರು ಯಾಕೆ?

ಮೈಸೂರು ಹೂಪ್ಸ್: ಜಿಲ್ಲಾ ಮಟ್ಟದ ಪಂದ್ಯದಲ್ಲಿ ನಮ್ಮ ಹುಡುಗನಿಗೆ ನಾಲ್ಕು ಫೌಲ್ ಆಗಿತ್ತು. ರೆಫ್ರಿ ಜತೆ ವಾದಕ್ಕಿಳಿದ, ಟೆಕ್ನಿಕಲ್ (ನಡತೆಗೆ ಕೊಡೋ ಫೌಲ್) ಕೊಟ್ರು, ಅದೇ ಐದನೇದು ಅಂತ ಆಚೆ ಕಳಿಸಿದ್ರು. ಎನ್‌ಬಿಎಯಲ್ಲಾಗಿದ್ರೆ ಇನ್ನೂ ಆಡ್ತಿದ್ದ. ಬೆಳೆಯೋ ಮಕ್ಕಳಿಗೇ ಯಾಕೆ ಈ ಬಿಗಿ?

ಸೀಟಿ ರಾಯ: ಲೆಕ್ಕ ಹಾಕಿ ನೋಡಿ ಸರ್. ಎನ್‌ಬಿಎಯಲ್ಲಿ 12 ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 48, ಫೌಲ್ 6. ನಾವು ಆಡೋದು ಅಂತಾರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮ. ಒಟ್ಟು 40 ನಿಮಿಷ, ಫೌಲ್ 5. ಎರಡರಲ್ಲೂ ಎಂಟು ನಿಮಿಷಕ್ಕೊಂದು. ನಿಜವಾದ ವ್ಯತ್ಯಾಸ ಟೆಕ್ನಿಕಲ್‌ದು. ಫಿಬಾದಲ್ಲಿ ಆಟಗಾರನ ಟೆಕ್ನಿಕಲ್ ಅವನ ಐದರೊಳಗೇ ಸೇರುತ್ತೆ, ಎನ್‌ಬಿಎಯಲ್ಲಿ ಆರರೊಳಗೆ ಸೇರಲ್ಲ. ಅಲ್ಲಿ ಅಶಿಸ್ತಿಗೆ ಎರಡು ಟೆಕ್ನಿಕಲ್ ಬಿದ್ರೆ ಬೇರೆಯಾಗಿ ಹೊರಗೆ.

ಡಲ್ಲಾಸ್ ಅಮ್ಮ: ಅಮೆರಿಕದ ಹೈಸ್ಕೂಲ್ ನಿಯಮದಲ್ಲಿ ಆಟ ಬರೀ 32 ನಿಮಿಷ, ಆದ್ರೂ ಫೌಲ್ ಐದು. ಮಕ್ಕಳಿಗೆ ಅಲ್ಲಿ ಇನ್ನೂ ಸಡಿಲ. ಮೊದಲು ಏಳನೇ ಟೀಮ್ ಫೌಲ್‌ಗೆ (ಇಡೀ ತಂಡದ ಫೌಲ್ ಸೇರಿಸಿ ಎಣಿಸೋದು) ಒನ್ ಅಂಡ್ ಒನ್ ಇತ್ತು; ಮೊದಲ ಫ್ರೀ ಥ್ರೋ (ಯಾರೂ ತಡೆಯದ ಎಸೆತ) ಬಿದ್ರೆ ಮಾತ್ರ ಎರಡನೇದು. 2023–24ರಲ್ಲಿ ರಾಷ್ಟ್ರೀಯ ನಿಯಮಪುಸ್ತಕ ಅದನ್ನ ತೆಗೆದು, ಫಿಬಾ ಥರಾನೇ ಕ್ವಾರ್ಟರ್‌ನ ಐದನೇ ಟೀಮ್ ಫೌಲ್‌ಗೆ ಎರಡು ಶಾಟ್ ಅಂತ ಮಾಡ್ತು.

ಮೈಸೂರು ಹೂಪ್ಸ್: ಸರಾಸರಿ ಸರಿ ಇರಬಹುದು ರಾಯರೇ. ಆದ್ರೆ ಮೊದಲ ಕ್ವಾರ್ಟರ್‌ನಲ್ಲೇ ಎರಡು ಆದ್ರೆ ಕೋಚ್ ಮಗೂನ ಹಾಫ್‌ಟೈಮ್ ತನಕ ಬೆಂಚಲ್ಲಿ ಕೂರಿಸ್ತಾರೆ. ಆಟ ಕಲಿಯೋದು ಯಾವಾಗ? ತಂಡಕ್ಕೆ ಮೂರೇ ಜನ ಆಡೋ 3x3ಯಲ್ಲಿ ವೈಯಕ್ತಿಕ ಫೌಲ್ ಎಣಿಸಿ ಯಾರನ್ನೂ ಆಚೆ ಹಾಕಲ್ಲ. ಜೂನಿಯರ್ ಪಂದ್ಯಕ್ಕೂ ಹಾಗೇ ಮಾಡ್ಲಿ.

ಮಂಡ್ಯ ಗಾರ್ಡ್: ನಾನು ಒಪ್ಪಲ್ಲ ಅಣ್ಣ. 3x3ಯಲ್ಲಿ ಬೆಲೆ ತೆರೋದು ಇಡೀ ತಂಡ: ಏಳನೇ ಟೀಮ್ ಫೌಲ್‌ನಿಂದ ಎರಡು ಶಾಟ್, ಹತ್ತನೇದರಿಂದ ಎರಡು ಶಾಟ್ ಜತೆ ಚೆಂಡೂ ಎದುರಾಳಿಗೆ. ನಮ್ಮ ಹುಡುಗ್ರ ಫೌಲ್ ಹೇಗಾಗುತ್ತೆ ನೋಡಿ. ಎದುರಿನವನು ಬಲಕ್ಕೆ ಡ್ರೈವ್ ಮಾಡ್ತಾನೆ, ಇವನು ಪಾದ ಸರಿಸಲ್ಲ, ಪಕ್ಕದಿಂದ ಕೈ ಚಾಚಿ ಮುಂಗೈಗೆ ಹೊಡೀತಾನೆ. ಐದರ ಭಯ ಇದ್ರೇನೇ ಕಾಲು ಓಡಿಸೋದು ಕಲಿಯೋದು.

ಮೈಸೂರು ಹೂಪ್ಸ್: ಬೆಂಚಲ್ಲಿ ಕೂತವನು ಕಾಲು ಓಡಿಸೋದು ಎಲ್ಲಿ ಕಲೀತಾನೆ?

ಸೀಟಿ ರಾಯ: ಅದು ಕೋಚ್ ನಿರ್ಧಾರ, ನಿಯಮ ಕೂರಿಸು ಅನ್ನಲ್ಲ. ಆ ಐದನೇದು ಮಾತ್ರ ತಪ್ಪಿಸಬಹುದಿತ್ತು. ಚೆಂಡು ಡೆಡ್ ಆಗಿ ಗಡಿಯಾರ ನಿಂತಾಗ ಕ್ಯಾಪ್ಟನ್ ಮರ್ಯಾದೆಯಿಂದ ಬಂದು ಕೇಳಬಹುದು, ಅದಕ್ಕೆ ಫಿಬಾ ನಿಯಮದಲ್ಲೇ ಅವಕಾಶ ಇದೆ. ನಾಲ್ಕು ಫೌಲ್ ಆದವನನ್ನ ಮಾತಿಗೆ ಬಿಡಬೇಡಿ, ಕ್ಯಾಪ್ಟನ್‌ನ ಕಳಿಸಿ.