ಮನಿ ಮಂದಿ ಗುಂಪು: ಹೊರದೇಶದ ವಿಂಟರ್ ಟೈರ್ ಸೆಟ್ ತಗೋಬೇಕೋ ಬ್ಯಾಡೋ?

ಪ್ರಕಾಶ ಕಾಕಾ (ಬೆಳಗಾವಿ): [ಫೋಟೋ] ನೋಡ್ರಿ ಎಲ್ಲಾರೂ. ಹೊರದೇಶದ ವಿಂಟರ್ ಟೈರ್, ನಾಲ್ಕರ ಸೆಟ್. 205/55 ಆರ್16 91 ಎಚ್, ನಮ್ಮ ಆಕ್ಟೇವಿಯಾ ಕಾರಿನ ಅಳತೀನ. ಬಟನ್ (ರಸ್ತೆಗೆ ತಾಗೂ ರಬ್ಬರಿನ ಉಬ್ಬು) ಇನ್ನೂ 5 ಮಿ.ಮೀ. ಐತಿ ಅಂತ ಬರದಾರ. ಹೊಸಾ ಸೆಟ್ಟಿನ ಅರ್ಧಾ ರೊಕ್ಕ. ಮಳಿಗಾಲದಾಗ ಚೋರ್ಲಾ ಘಾಟ್ ಇಳಿಯಾಕ ಬೇಷ್ ಆಗತಾವು.

ಸಚಿನ: ಬ್ಯಾಡ್ರಿ ಕಾಕಾ. ಅಳತಿ ಕೂಡತೈತಿ, ರಬ್ಬರ್ ಕೂಡಂಗಿಲ್ಲ. 7 ಡಿಗ್ರಿಗಿಂತ ಕೆಳಗ ಇಳದ್ರೂ ರಬ್ಬರ್ ಬಿರುಸಾಗಬಾರದು ಅಂತ ಮಾಡಿದ ಟೈರ್ ಅವು. ನಮ್ಮ ಮಳಿಗಾಲ 20ರ ಮ್ಯಾಲ.

ಪ್ರಕಾಶ ಕಾಕಾ: ರಬ್ಬರ್ ಮೆತ್ತಗಿದ್ರ ರಸ್ತೆ ಗಟ್ಟಿ ಹಿಡೀಬೇಕಲ್ಲೋ? ಒಂದೊಂದು ಬಟನ್ ಮ್ಯಾಲ ಎಷ್ಟು ಸಣ್ಣ ಸೀಳು ಅದಾವ ನೋಡು. ನಮ್ಮ ಟೈರಿನಾಗ ಅಷ್ಟಿಲ್ಲ. ನೀರು ಹೊರಗ ಹಾಕಾಕ ಮಾಡಿದ್ದ ಅವು.

ಸಚಿನ: ರಸ್ತೆ ಮ್ಯಾಲಿನ ನೀರು ಸುತ್ತ ಹರದಿರೂ ದೊಡ್ಡ ಗೀರಿನಾಗ ಹೋಗತೈತಿ ಕಾಕಾ. ಸಣ್ಣ ಸೀಳು ಮುಖ್ಯ ಹಿಮಾ ಕಚ್ಚಾಕ. ಬಿಸಿ ರಸ್ತೆದಾಗ ಬ್ರೇಕ್ ಒತ್ತಿದ್ರ ಆ ಸೀಳಿದ ಬಟನ್ನು ನೆಟ್ಟಗ ನಿಲ್ಲಂಗಿಲ್ಲ, ಬಾಗತಾವು. ಗಾಡಿ ಇನ್ನಷ್ಟು ಮುಂದ ಹೋಗಿ ನಿಲ್ಲತೈತಿ, ಸ್ಟೇರಿಂಗ್ ತಿರುಗಿಸಿದ್ರ ತಡಾ ಮಾಡಿ ಕೇಳತೈತಿ. ಘಾಟಿನ ತಿರುವಿನಾಗ ನಿಮಗ ಬೇಕಾಗಿರೂದು ಇದರ ಉಲ್ಟಾ. ಮ್ಯಾಲ ಸವಕಳೀನೂ ಭಾಳ.

ರೂಪಾ ವೈನಿ (ವಿಜಯಪುರ): ಡಿಸೆಂಬರ್‌ನಾಗ ನಮ್ಮಲ್ಲಿ ಮುಂಜಾನೆ 10ರ ಕೆಳಗೂ ಬರತೈತಿ. ಅಷ್ಟ ದಿನಕ್ಕರ ಉಪಯೋಗ ಇಲ್ಲೇನು?

ಸಚಿನ: ಮಧ್ಯಾಹ್ನ ಅದ ರಸ್ತೆ ಕಾಯತೈತಲ್ಲ ವೈನಿ. ಎರಡು ತಾಸಿನ ಥಂಡಿ ಸಲುವಾಗಿ ದಿನಾಪೂರ್ತಿ ತಪ್ಪು ರಬ್ಬರ್ ಮ್ಯಾಲ ಓಡಿಸಿದಂಗ ಆಕ್ಕೈತಿ. ಏಪ್ರಿಲ್ ತಿಂಗಳ 40 ಡಿಗ್ರಿಯೊಳಗಂತೂ ಕೇಳೂದ ಬ್ಯಾಡ.

ಪ್ರಕಾಶ ಕಾಕಾ: 91 ಎಚ್ ಅಂದ್ರ ಒಂದು ಟೈರ್ 615 ಕೆ.ಜಿ. ಹೊರತೈತಿ, 210 ಕಿ.ಮೀ. ಸ್ಪೀಡಿಗೆ ಪಾಸ್ ಆಗೈತಿ. ಅಷ್ಟು ತಡ್ಕೊಂಡದ್ದು ನಮ್ಮ ಬಿಸಲು ತಡ್ಯಂಗಿಲ್ಲೇನು?

ಸಚಿನ: ಅದು ಭಾರಾ ಮತ್ತ ಸ್ಪೀಡಿನ ಲೆಕ್ಕ. ಬಿಸಿ ರಸ್ತೆದಾಗ ಎಷ್ಟು ದೂರದಾಗ ನಿಲ್ಲತೈತಿ ಅನ್ನೂದು ಆ ನಂಬರಿನಾಗ ಇಲ್ಲ.

ಗೀತಾ ಅಕ್ಕ (ಮ್ಯೂನಿಕ್): ಕಾಕಾ, ಅವು ಯಾಕ ಮಾರಾಕ ಬಂದಾವ ಅಂತ ಮೊದಲ ತಿಳ್ಕೋರಿ. ಹೊಸಾ ವಿಂಟರ್ ಟೈರ್ ಬಟನ್ 8–9 ಮಿ.ಮೀ. ಇರತೈತಿ. 4ಕ್ಕ ಬಂದ್ರ ಹಿಮದಾಗ ಹಿಡ್ತಾ ಹೋಗತೈತಿ ಅಂತ ಇಲ್ಲೆ ಜನಾ ತಗದ ಬಿಡತಾರ. ಜರ್ಮನಿ ಕಾನೂನು 1.6 ಅಂತೈತಿ, ಆಸ್ಟ್ರಿಯಾದಾಗ ವಿಂಟರ್ ರೇಡಿಯಲ್‌ಗೆ ಕಾನೂನ 4. ನಿಮ್ಮ ಫೋಟೋದಾಗಿನ 5 ಮಿ.ಮೀ. ಸೆಟ್ ಇಲ್ಲೀ ಲೆಕ್ಕದಾಗ ಮುಗೀಲಿಕ್ಕೆ ಬಂದದ್ದು.

ಗೀತಾ ಅಕ್ಕ: ಪಕ್ಕಕ್ಕ ಮೂರು ಶಿಖರದ ಗುಡ್ಡ, ಅದರೊಳಗ ಹಿಮದ ಹರಳಿನ ಚಿತ್ರಾ ಐತೇನು? ಬರೇ ಎಂ ಪ್ಲಸ್ ಎಸ್ (ಕೆಸರು ಮತ್ತ ಹಿಮಾ ಅನ್ನೂ ಗುರುತು) ಇದ್ರ ಅದು ಪರೀಕ್ಷಾ ಮಾಡಿ ಕೊಟ್ಟ ಗುರುತಲ್ಲ, ಕಂಪನಿ ತಾನ ಬರಕೊಂಡದ್ದು. 2024ರ ಅಕ್ಟೋಬರ್ 1ರಿಂದ ಜರ್ಮನಿಯೊಳಗ ಹಿಮಾ, ಮಂಜುಗಡ್ಡಿ ರಸ್ತೆದಾಗ ಬರೇ ಎಂ ಪ್ಲಸ್ ಎಸ್ ನಡ್ಯಂಗಿಲ್ಲ.

ಪ್ರಕಾಶ ಕಾಕಾ: ಎಂ ಪ್ಲಸ್ ಎಸ್ ಅಷ್ಟ ಕಾಣ್ತೈತಿ, ಗುಡ್ಡ ಇಲ್ಲ.

ಗೀತಾ ಅಕ್ಕ: ಹಂಗಾರ ಇಲ್ಲೂ ನಡ್ಯಂಗಿಲ್ಲ ಕಾಕಾ.

ರೂಪಾ ವೈನಿ: ಮಾವಾರ, ಎರಡ ತಗೊಂಡು ಮುಂದ ಹಾಕಿದ್ರ? ಎಂಜಿನ್ ಜೋರು ಮುಂದಿನ ಗಾಲಿಗೇ ಅಲ್ಲ?

ಶಿವು ಮಾಮಾ (ಬಾಗಲಕೋಟಿ, ಟೈರ್ ಅಂಗಡಿ): ಇದೊಂದು ಮಾತ್ರ ಯಾರೂ ಮಾಡಬ್ಯಾಡ್ರಿ. ಮುಂದ ಒಂದು ನಮೂನಿ, ಹಿಂದ ಒಂದು ನಮೂನಿ ರಬ್ಬರ್ ಇದ್ರ ಹಿಡ್ತಾ ಸಮ ಇರಂಗಿಲ್ಲ. ಹಿಮದ ದೇಶದಾಗೂ ಹಾಕಿದ್ರ ನಾಲ್ಕೂ ಹಾಕತಾರ. ಒಂದ ನಮೂನಿ ಟೈರ್ ಎರಡ ಹೊಸಾವು ತಂದ್ರೂ ಹೊಸಾವು ಹಿಂದ ಹೋಗಬೇಕು. ಹಸಿ ರಸ್ತೆದಾಗ ಮುಂದಿನ ಗಾಲಿ ಜಾರಿದ್ರ ಗಾಡಿ ನೆಟ್ಟಗ ಸರೀತೈತಿ, ಎಕ್ಸಿಲರೇಟರ್ ಮ್ಯಾಲಿಂದ ಕಾಲು ತಗದ್ರ ತಿರುಗಿ ಹಿಡೀತೈತಿ. ಹಿಂದಿನ ಗಾಲಿ ಜಾರಿದ್ರ ಗಾಡೀನ ಸುತ್ತ ತಿರಗತೈತಿ, ಸಾಮಾನ್ಯ ಡ್ರೈವರ್ ಕೈಯಾಗ ಅದು ನಿಲ್ಲಂಗಿಲ್ಲ.

ಶಿವು ಮಾಮಾ: ಪ್ರಕಾಶಣ್ಣಾರ, ಟೈರಿನ ಪಕ್ಕಕ್ಕ ಡಾಟ್ (DOT) ಅಂತ ಬರದಿರ್ತೈತಿ, ಅದರ ಕಡೀ ನಾಲ್ಕು ಅಂಕಿ ಕೇಳ್ರಿ, ಟೈರ್ ತಯಾರಾದ ವಾರ, ವರ್ಷ ಅದು. ನಮ್ಮಲ್ಲಿ ಮಾರೂ ಕಾರ್ ಟೈರಿಗೆ ಐಎಸ್‌ಐ ಮುದ್ರೀನೂ ಇರಬೇಕು.

ಪ್ರಕಾಶ ಕಾಕಾ: 3817 ಅಂತ ಕಳ್ಸ್ಯಾರ. ಐಎಸ್‌ಐ ಇಲ್ಲಂತ.

ಶಿವು ಮಾಮಾ: 2017ರ 38ನೇ ವಾರ. ಬಟನ್ ಎಷ್ಟರ ಇರ್ಲಿ, ರಬ್ಬರ್ ವಯಸ್ಸಾತು. ಬಟನ್ ಬುಡಕ್ಕ, ಪಕ್ಕಕ್ಕ ಸಣ್ಣ ಬಿರುಕು ಬಿಟ್ಟಿರತಾವು. ಬಿಟ್ಟ ಬಿಡ್ರಿ.

ಪ್ರಕಾಶ ಕಾಕಾ: ಆತು, ಈ ಸೆಟ್ ಬಿಟ್ಟೆ. ಆದ್ರ ಮಳಿಯೊಳಗ ಗಾಡಿ ಜಾರೂದು ಖರೆ ಐತಿ ಶಿವು. ಅದಕ್ಕೇನು ಮಾಡ್ಲಿ?

ಶಿವು ಮಾಮಾ: ಮೊದಲ ಗಾಳಿ. ಮುಂಜಾನೆ ಗಾಡಿ ತಗಿಯೂಕಿಂತ ಮೊದಲ, ಟೈರ್ ತಣ್ಣಗಿದ್ದಾಗ ನೋಡ್ರಿ. ಎಷ್ಟಿರಬೇಕು ಅನ್ನೂದು ಗಾಡಿ ಮ್ಯಾಲಿನ ಸ್ಟಿಕ್ಕರ್‌ನಾಗ ಇರತೈತಿ. ಟೈರಿನ ಪಕ್ಕಕ್ಕ ಬರದದ್ದು ಗರಿಷ್ಠ, ಅದನ್ನ ಹಿಡೀಬ್ಯಾಡ್ರಿ. ಹೊರಗಿನ ಹವಾ 10 ಡಿಗ್ರಿ ತಣ್ಣಗಾದ್ರ ಟೈರಿನ ಗಾಳಿ ಒತ್ತಡ ಸುಮಾರು 2 ಪಿಎಸ್‌ಐ ಇಳೀತೈತಿ. ರೂಪಾ, ನೀವೂ ಲಕ್ಷ್ಯ ಕೊಡ್ರಿ: ಬ್ಯಾಸಗಿಯೊಳಗ ಸೊಲ್ಲಾಪುರ ರೋಡಿಗೆ ಹೋದಾಗ ಬಿಸಿ ಟೈರಿನ ಗಾಳಿ ಬಿಡಬ್ಯಾಡ್ರಿ. ಗಾಳಿ ಕಡಿಮಿ ಆದ್ರ ಪಕ್ಕದ ಗ್ವಾಡಿ ಮಡಚಿ ಮಡಚಿ ಮತ್ತಷ್ಟು ಕಾಯತೈತಿ, ಸಿಡಿಯೂದು ಆಗ.

ಶಿವು ಮಾಮಾ: ಆಮ್ಯಾಲ ಬಟನ್. ಕಾನೂನು 1.6 ಅಂದ್ರೂ ಮಳಿಗಾಲಕ್ಕ 3ರ ಕೆಳಗ ಬಂದದ್ದನ್ನ ನಾ ಇಡಸಂಗಿಲ್ಲ, ನಿಂತ ನೀರಿನ ಮ್ಯಾಲ ತೇಲತೈತಿ. ಗೇಜ್ ತಗೊಂಡು ಒಳಗ, ನಡುವ, ಹೊರಗ, ಮೂರೂ ಕಡೆ ಅಳೀರಿ. ನಡುವ ಸವದಿದ್ರ ಗಾಳಿ ಜಾಸ್ತಿ, ಎರಡೂ ಅಂಚು ಸವದಿದ್ರ ಗಾಳಿ ಕಡಿಮಿ.

(ಮರುದಿನ ಮುಂಜಾನೆ)

ಪ್ರಕಾಶ ಕಾಕಾ: ಹಿಂದಿನ ಎರಡೂ ಎಲ್ಲಾ ಕಡೆ 4. ಮುಂದಿನ ಎಡಕ್ಕ ಒಳಗ 2, ನಡುವ 4, ಹೊರಗ 4.5. ಬಲಕ್ಕ ಒಳಗ 2.5, ನಡುವ 4, ಹೊರಗ 4.5.

ಸಚಿನ: ಒಳಗಿನ ಅಂಚು ಅಷ್ಟ ತಿಂದೈತಿ. ನಿಂತು ನೋಡಿದ್ರ ಅದು ಕಾಣಂಗಿಲ್ಲ.

ಶಿವು ಮಾಮಾ: ಮುಂದಿನ ಗಾಲಿ ನೆಟ್ಟಗಿಲ್ಲ. ಮೊದಲ ಜಾಕ್ ಹಚ್ಚಿ ಗಾಲಿ ಹಿಡಿದಿರೂ ಭಾಗ, ಅಂದ್ರ ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಲೂಜ್ ಆಗ್ಯಾವೇನು ನೋಡಸ್ರಿ. ಅವು ಲೂಜ್ ಇದ್ರ ಅಲೈನ್‌ಮೆಂಟ್ ಮಾಡಸಿದ್ದು ನಿಲ್ಲಂಗಿಲ್ಲ, ಹೊಸಾ ಟೈರೂ ಹಿಂಗ ಸವೀತಾವು. ಹಿಂದಿನ 4 ಮಿ.ಮೀ.ದವು ಮುಂದ ತರ್ರಿ, ಎರಡ ಹೊಸಾವು ಹಿಂದ ಹಾಕ್ರಿ. ಅದ ಅಳತಿ, 91ಕ್ಕ ಕಡಿಮಿ ಬ್ಯಾಡ, ಸ್ಪೀಡಿನ ಅಕ್ಷರಾ ಸ್ಟಿಕ್ಕರ್‌ನಾಗ ಇದ್ದದ್ದ ಇರ್ಲಿ. ಕಡೀಕ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್. ಅಲೈನ್‌ಮೆಂಟ್ ರಿಪೋರ್ಟ್ ಇಲ್ಲೆ ಹಾಕ್ರಿ, ಟೋ (ಗಾಲಿ ಒಳಗ ಇಲ್ಲಾ ಹೊರಗ ತಿರುಗಿದ್ದು) ಮತ್ತ ಕ್ಯಾಂಬರ್ (ಗಾಲಿ ಮ್ಯಾಲಿಂದ ವಾಲಿದ್ದು) ನಾ ನೋಡ್ತೀನಿ.