ಇಂಗ್ಲಿಷ್ ವಾಕ್ಯದಲ್ಲಿ ಸಬ್ಜೆಕ್ಟ್ ಗುರುತಿಸುವುದನ್ನು ನೀವು ಹೇಗೆ ಕಲಿಸಿದಿರಿ?

ಪ್ರಶ್ನೆ: ಏಳನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಚಿಕ್ಕ ವಾಕ್ಯಗಳಲ್ಲಿ ಸಬ್ಜೆಕ್ಟ್ ಯಾವುದೆಂದು ಸರಿಯಾಗಿಯೇ ಹೇಳುತ್ತಾಳೆ. ಆದರೆ ವಾಕ್ಯ ಸ್ವಲ್ಪ ಉದ್ದವಾದರೆ, ಇಲ್ಲವೇ ‘ದೇರ್’, ‘ಇಟ್’ ಎಂದು ಆರಂಭವಾದರೆ ಗೊಂದಲಕ್ಕೆ ಬೀಳುತ್ತಾಳೆ. ‘ಕೆಲಸ ಮಾಡಿದವರು ಯಾರು ಎಂದು ಕೇಳಿಕೋ’ ಎಂದು ನಾನು ಹೇಳಿಕೊಟ್ಟಿದ್ದೇ ಅವಳ ದಾರಿ ತಪ್ಪಿಸುತ್ತಿದೆಯೇನೋ ಎಂಬ ಅನುಮಾನ ನನಗಿದೆ. ಕಲಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಿಮ್ಮ ಅನುಮಾನ ಸರಿಯಾಗಿದೆ. ಹಲವು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನಾನೂ ಮೊದಮೊದಲು ‘ಕರ್ತೃ ಎಂದರೆ ಮಾಡುವವನು’ ಎಂದೇ ಹೇಳುತ್ತಿದ್ದೆ. ಒಂದು ದಿನ ‘ದ ಗ್ಲಾಸ್ ವಾಸ್ ಬ್ರೋಕನ್ ಬೈ ದ ಬಾಯ್’ ಎಂಬ ವಾಕ್ಯ ಕೊಟ್ಟಾಗ ಹೆಚ್ಚಿನ ಮಕ್ಕಳು ‘ಬಾಯ್’ ಎಂದು ಬರೆದರು. ಒಡೆದವನು ಹುಡುಗನೇ ಆಗಿದ್ದರಿಂದ ಅವರನ್ನು ತಪ್ಪೆನ್ನಲು ನನಗೆ ಮನಸ್ಸು ಬರಲಿಲ್ಲ; ತಪ್ಪು ನಾನು ಕೊಟ್ಟ ವ್ಯಾಖ್ಯೆಯದ್ದಾಗಿತ್ತು. ಆಗ ಕರಿಹಲಗೆಯ ಮೇಲೆ ‘ಬಾಯ್’ ಅಳಿಸಿ ‘ಬಾಯ್ಸ್’ ಎಂದು ಬರೆದೆ. ‘ವಾಸ್’ ಹಾಗೆಯೇ ಉಳಿಯಿತು. ‘ಗ್ಲಾಸ್’ ಅಳಿಸಿ ‘ಗ್ಲಾಸಸ್’ ಎಂದು ಬರೆದ ಕೂಡಲೇ ‘ವಾಸ್’ ಹೋಗಿ ‘ವರ್’ ಬರಬೇಕಾಯಿತು. ಯಾವ ಪದವನ್ನು ಏಕವಚನದಿಂದ ಬಹುವಚನಕ್ಕೆ ಬದಲಿಸಿದರೆ ಕ್ರಿಯಾಪದವೂ ಬದಲಾಗುತ್ತದೆಯೋ ಅದೇ ಸಬ್ಜೆಕ್ಟ್ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡರು. ಆದ್ದರಿಂದ ಮೊದಲು ಕ್ರಿಯಾಪದವನ್ನು ಹುಡುಕಿಸಿ, ಆಮೇಲೆ ಅದು ಯಾವುದಕ್ಕೆ ಹೊಂದಿಕೊಂಡಿದೆ ಎಂದು ಕೇಳಿ. ‘ಫೆಲ್’, ‘ವೆಂಟ್’ ಮುಂತಾದ ಭೂತಕಾಲದ ರೂಪಗಳು ವಚನಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಅಂಥ ಕಡೆ ವಾಕ್ಯವನ್ನು ವರ್ತಮಾನಕಾಲಕ್ಕೆ ತಿರುಗಿಸಿಕೊಂಡು ನೋಡಬೇಕು.

ಉದ್ದ ವಾಕ್ಯಗಳ ತೊಂದರೆಗೆ ಕಾರಣ ನಮ್ಮ ಭಾಷೆಯ ಅಭ್ಯಾಸದಲ್ಲಿದೆ ಎಂಬುದು ನನ್ನ ದೃಢ ಅಭಿಪ್ರಾಯ. ‘ಕೀಲಿಕೈಗಳ ಪೆಟ್ಟಿಗೆ ಭಾರವಾಗಿದೆ’ ಎನ್ನುವಾಗ ಮುಖ್ಯ ಪದವಾದ ‘ಪೆಟ್ಟಿಗೆ’ ಕೊನೆಗೆ ಬಂದು ಕ್ರಿಯಾಪದದ ಕಡೆಗಿರುತ್ತದೆ, ವಿವರಣೆ ಅದರ ಹಿಂದಿರುತ್ತದೆ. ‘ದ ಬಾಕ್ಸ್ ಆಫ್ ಕೀಸ್ ಈಸ್ ಹೆವಿ’ ಎನ್ನುವಾಗ ಈ ಕ್ರಮ ತಿರುಗುಮುರುಗಾಗಿ, ಮುಖ್ಯ ಪದ ಮೊದಲು ಬಂದು ವಿವರಣೆ ಅದಕ್ಕೂ ಕ್ರಿಯಾಪದಕ್ಕೂ ನಡುವೆ ಸೇರಿಕೊಳ್ಳುತ್ತದೆ. ಕನ್ನಡದ ವಾಕ್ಯಗಳಿಗೆ ಒಗ್ಗಿದ ಕಣ್ಣು ಕ್ರಿಯಾಪದಕ್ಕೆ ಹತ್ತಿರದ ‘ಕೀಸ್’ ಅನ್ನೇ ಹಿಡಿದುಕೊಂಡು ‘ಆರ್’ ಎಂದು ಬರೆಸಿಬಿಡುತ್ತದೆ. ‘ಒನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಹಿಯರ್’ ಎಂಬಲ್ಲಿ ‘ಲಿವ್’ ಎಂದು ಬರೆಯುವುದಕ್ಕೂ ಇದೇ ಕಾರಣ. ‘ಆಫ್’, ‘ಇನ್’, ‘ವಿತ್’, ‘ಹೂ’ ಮುಂತಾದ ಪದಗಳಿಂದ ಶುರುವಾಗಿ ನಡುವೆ ಬರುವ ಭಾಗವನ್ನು ಪೆನ್ಸಿಲಿನಿಂದ ಕಂಸದೊಳಗೆ ಹಾಕಿಸಿ, ಉಳಿದದ್ದನ್ನು ಗಟ್ಟಿಯಾಗಿ ಓದಿಸಿ. ‘ದ ಬಾಕ್ಸ್ ಈಸ್ ಹೆವಿ’ ಎಂದು ಕಿವಿಗೆ ಬಿದ್ದ ಮೇಲೆ ಗೊಂದಲಕ್ಕೆ ಎಡೆಯಿರುವುದಿಲ್ಲ.

ಉತ್ತರ 2: ಮೇಲಿನ ಉತ್ತರ ನನಗೂ ಒಪ್ಪಿಗೆಯಾಯಿತು. ನನ್ನ ಮಗನಿಗೆ ನೆರವಾದ ಇನ್ನೊಂದು ಪರೀಕ್ಷೆಯೆಂದರೆ, ವಾಕ್ಯದ ಕೊನೆಗೆ ‘ಅಲ್ಲವೇ?’ ಎಂಬರ್ಥದ ಕಿರುಪ್ರಶ್ನೆ ಸೇರಿಸುವುದು. ‘ದ ಬಾಕ್ಸ್ ಆಫ್ ಕೀಸ್ ಈಸ್ ಹೆವಿ, ಈಸಂಟ್ ಇಟ್?’ ಎನ್ನುತ್ತೇವೆಯೇ ಹೊರತು ‘ಆರಂಟ್ ದೇ?’ ಎನ್ನುವುದಿಲ್ಲ. ಕೊನೆಯಲ್ಲಿ ಬರುವ ಆ ಸರ್ವನಾಮ ಸಬ್ಜೆಕ್ಟಿನ ಬದಲಿಗೆ ನಿಂತಿರುತ್ತದೆ. ‘ದೇರ್’ ಎಂದು ಆರಂಭವಾಗುವ ವಾಕ್ಯಗಳಲ್ಲಿ ಮಾತ್ರ ಇದನ್ನು ನೆಚ್ಚಬೇಡಿ, ಏಕೆಂದರೆ ಅಲ್ಲಿ ಕಿರುಪ್ರಶ್ನೆಯಲ್ಲೂ ‘ದೇರ್’ ಎಂದೇ ಬರುತ್ತದೆ. ‘ದೇರ್ ಆರ್ ಟೂ ಕ್ಯಾಟ್ಸ್ ಇನ್ ದ ರೂಮ್’ ಎಂಬಲ್ಲಿ ‘ಆರ್’ ಬಂದಿರುವುದು ‘ಟೂ ಕ್ಯಾಟ್ಸ್’ ಕಾರಣದಿಂದ; ಶಾಲೆಯ ವ್ಯಾಕರಣದಲ್ಲಿ ಅದನ್ನೇ ಸಬ್ಜೆಕ್ಟ್ ಎಂದು ಬರೆಯಬೇಕು.

ಉತ್ತರ 3: ಮನಸ್ಸಿನಲ್ಲೇ ಕನ್ನಡಕ್ಕೆ ಅನುವಾದಿಸಿಕೊಂಡು ಸಬ್ಜೆಕ್ಟ್ ಹುಡುಕುವ ಅಭ್ಯಾಸ ಮಗುವಿಗಿದ್ದರೆ ಅದನ್ನು ಮೆಲ್ಲಗೆ ಬಿಡಿಸಿ. ‘ಮಳೆ ಬರುತ್ತಿದೆ’ ಎಂಬಲ್ಲಿ ಮಳೆಯೇ ಕರ್ತೃ. ಆದರೆ ‘ಇಟ್ ಈಸ್ ರೇನಿಂಗ್’ ಎಂಬಲ್ಲಿ ಯಾವ ವಸ್ತುವನ್ನೂ ಸೂಚಿಸದ ‘ಇಟ್’ ಆ ಸ್ಥಾನವನ್ನು ತುಂಬುತ್ತದೆ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಕ್ರಿಯಾಪದ ಹಸಿವಿಗೆ ಹೊಂದಿಕೊಂಡಿದ್ದರೆ, ‘ಐ ಆಮ್ ಹಂಗ್ರಿ’ ಎಂಬಲ್ಲಿ ‘ಐ’ಗೆ ಹೊಂದಿಕೊಂಡಿದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಕಂಸ ಹಾಕಿಸುವ ಕ್ರಮವನ್ನು ನಿನ್ನೆ ಹತ್ತು ವಾಕ್ಯಗಳ ಮೇಲೆ ಪ್ರಯೋಗಿಸಿದೆವು; ಒಂಬತ್ತು ಸರಿಯಾದವು. ‘ಕ್ಲೋಸ್ ದ ಡೋರ್’ ಎಂಬಲ್ಲಿ ಮಾತ್ರ ಸಬ್ಜೆಕ್ಟ್ ‘ಡೋರ್’ ಎಂದು ಬರೆದಳು.

ಉತ್ತರ 1: ಅಪ್ಪಣೆ ಅಥವಾ ಕೋರಿಕೆಯ ವಾಕ್ಯಗಳಲ್ಲಿ ಕನ್ನಡವೇ ನಿಮ್ಮ ನೆರವಿಗೆ ಬರುತ್ತದೆ. ‘ಬಾಗಿಲು ಹಾಕು’ ಎಂದಾಗ ಹಾಕಬೇಕಾದದ್ದು ಯಾರು ಎಂದು ಕೇಳಿದರೆ, ‘ನೀನು’ ಎಂಬುದು ಹೇಳದೆಯೇ ಅಡಗಿರುವುದು ಅವಳಿಗೆ ತಾನಾಗಿ ಹೊಳೆಯುತ್ತದೆ. ಇಂಗ್ಲಿಷಿನಲ್ಲೂ ಅಡಗಿರುವುದು ಅದೇ ‘ಯೂ’. ಅದಕ್ಕೆ ಸಾಕ್ಷಿ ಬೇಕೆಂದರೆ ‘ಕ್ಲೋಸ್ ದ ಡೋರ್ ಯುವರ್‌ಸೆಲ್ಫ್’ ಎಂಬ ವಾಕ್ಯವನ್ನು ತೋರಿಸಿ; ಅಲ್ಲಿ ‘ಇಟ್‌ಸೆಲ್ಫ್’ ಎಂದು ಹಾಕಿ ಓದಲು ಹೇಳಿದರೆ ಅದು ಹೊಂದುವುದಿಲ್ಲವೆಂದು ಅವಳೇ ಹೇಳುತ್ತಾಳೆ.